ರುಸೈಲಿನ ರಬ್ಬರ್ ಕಾಡು

ಹೊನ್ನಪ್ಪನ ಕಾಲಿನಿಂದ ಶೂ ಕಳಚುವುದು ನನ್ನ ಕೆಲಸ. ಲೇಸು ಬಿಚ್ಚಿ ಎಳೆಯುವ ಶೂ ಅಲ್ಲ. ರಬ್ಬರ್ ಹಾಲಿನಲ್ಲಿ ಬರಿಗಾಲು ಅದ್ದಿ, ಬಿಸಿಗಾಳಿಗೆ ಹಿಡಿದು, ಮತ್ತೆ ಅದ್ದಿ, ಮತ್ತೆ ಹಿಡಿದು, ಕಾಲಿನ ಮೇಲೆಯೇ ಮಾಡಿದ ಶೂ. ಅದು ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ. ಹಿಮ್ಮಡಿಯ ಹತ್ತಿರ ಬ್ಲೇಡಿನಿಂದ ಸಣ್ಣಗೆ ಸೀಳಿ, ಒಳಗೆ ತೆಂಗಿನೆಣ್ಣೆ ಬಿಡಬೇಕು. ಆಮೇಲೆ ಬೆರಳು ತೂರಿಸಿ ಮೆಲ್ಲಗೆ ಸುಲಿಯಬೇಕು. ಮೊದಮೊದಲು ಕೂದಲು ಕಿತ್ತು ಬರುತ್ತಿತ್ತು. ಆಮೇಲೆ ಕೂದಲು ಮುಗಿಯಿತು. ಈಗ ಚರ್ಮ ಬರುತ್ತಿತ್ತು.

"ನಿಲ್ಸಿ ಮೊಯ್ದಿನ್ ಕಾಕ. ಒಂಚೂರು ಉಸಿರು ಬಿಡ್ತೇನೆ."

"ಬಿಡು ಮಾರಾಯ. ಉಸಿರಾದ್ರೂ ನಿಂದೇ ಅಲ್ವಾ."

ಅವನು ನಕ್ಕ. ನಗುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದ. ಬಲಗಾಲಿನ ಮೇಲೆ ಗುಳ್ಳೆಗಳೆದ್ದು ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಹೆಬ್ಬೆರಳಿನ ಸಂದಿಯಲ್ಲಿ ಕೀವು. ವಾಸನೆ ಕೂಡ ಶುರುವಾಗಿತ್ತು. ಮರುದಿನ ಶಾಲೆಯ ಮಕ್ಕಳು ಬರುವವರಿದ್ದರು. ಇದೇ ಕಾಲನ್ನು ಮತ್ತೆ ಬಕೆಟ್ಟಿಗೆ ಅದ್ದಬೇಕಿತ್ತು.

ಇದು ಎಲ್ಲಿ ನಡೆದದ್ದು ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಬೇವಿನ ಗಿಡ ಬದುಕಬೇಕಾದರೂ ಟ್ಯಾಂಕರಿನಲ್ಲಿ ನೀರು ತರಬೇಕಾದ ಓಮಾನಿನ ರುಸೈಲ್‌ನಲ್ಲಿ, ತಗಡಿನ ಶೆಡ್ಡಿನೊಳಗೆ, ಎಸಿ ಹಾಕಿದ ಅಮೆಜಾನ್ ಕಾಡಿನಲ್ಲಿ.

ನಾನು ಉಪ್ಪಿನಂಗಡಿಯ ಮುಹಿಯುದ್ದೀನ್, ಎಲ್ಲರ ಬಾಯಲ್ಲಿ ಮೊಯ್ದಿನ್. ರುಸೈಲಿನ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ಫ್ಯಾಕ್ಟರಿಯಲ್ಲಿ ಮಿಲ್ಲು ನಡೆಸುವವನು. ಎರಡು ದೊಡ್ಡ ಉರುಳೆಗಳ ನಡುವೆ ರಬ್ಬರಿಗೆ ಕಪ್ಪು ಪುಡಿ ಸೇರಿಸಿ ಅರೆಯುವುದು. ಸಂಜೆ ಮೂಗು ಸೀನಿದರೆ ಕರ್ಚೀಫು ಕಪ್ಪಾಗುತ್ತದೆ. ನಮ್ಮಲ್ಲಿ ಕಾರಿನ ಮ್ಯಾಟು, ರಸ್ತೆಯ ಹಂಪು, ಬಂದರಿನ ಕನ್ವೇಯರ್ ಬೆಲ್ಟಿನ ಪಟ್ಟಿ ಎಲ್ಲ ತಯಾರಾಗುತ್ತವೆ.

ಹೊನ್ನಪ್ಪ ಘಟ್ಟದ ಬುಡದ ಶಿಶಿಲದ ಕಡೆಯವನು. ಮಲೆಕುಡಿಯ. ಅವರ ಅಜ್ಜಂದಿರು ಓಡಾಡಿದ್ದ ಗುಡ್ಡದಲ್ಲಿ ಯಾರದೋ ರಬ್ಬರ್ ಎಸ್ಟೇಟು ಎದ್ದಿತ್ತು. ಅಲ್ಲಿ ಹೊನ್ನಪ್ಪ ಟ್ಯಾಪಿಂಗ್ ಮಾಡುತ್ತಿದ್ದ. ಬೆಳಕು ಹರಿಯುವ ಮೊದಲು ಮರದ ತೊಗಟೆಗೆ ಕತ್ತಿ ಎಳೆದು, ಗೆರಟೆ ಕಟ್ಟಿ, ಹಾಲು ಇಳಿಸುವ ಕೆಲಸ. ಏಜೆಂಟ್ ಬಂದು "ಓಮಾನಿನಲ್ಲಿ ರಬ್ಬರ್ ಕೆಲಸ ಉಂಟು" ಎಂದ. ಅವನ ಊರಿನಲ್ಲಿ ರಬ್ಬರ್ ಕೆಲಸ ಎಂದರೆ ಮರದ ಕೆಲಸ. ಇನ್ನೊಂದು ಅರ್ಥ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಅವನು ಟ್ಯಾಪಿಂಗ್ ಕತ್ತಿಯನ್ನು ಹೆಗಲಿಗೆ ಹಾಕುವ ಬೈರಾಸಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡು ವಿಮಾನ ಹತ್ತಿದ.

ಬಂದ ಮರುದಿನ ಮುಂಜಾನೆ ಕತ್ತಿ ಹಿಡಿದುಕೊಂಡು ರೂಮಿನ ಬಾಗಿಲಲ್ಲಿ ನಿಂತಿದ್ದ.

"ತೋಟ ಯಾವ ಕಡೆ?"

ನಾನು ಬಾಗಿಲು ಪೂರ್ತಿ ತೆರೆದೆ. ಎದುರಿಗೆ ಹುಲ್ಲುಕಡ್ಡಿಯಿಲ್ಲದ ಕಂದು ಬೆಟ್ಟ. ಅದರಾಚೆಗೆ ಇನ್ನೊಂದು ಕಂದು ಬೆಟ್ಟ.

"ಇದರ ಆಚೆಗಾ?" ಎಂದು ಕೇಳಿದ.

ನಗು ಬಂತು, ಪಾಪ ಎಂದೂ ಅನಿಸಿತು. ಕತ್ತಿಯನ್ನು ಅವನ ಕೈಯಿಂದ ತೆಗೆದು ಮಂಚದ ಕೆಳಗಿಟ್ಟೆ. ಕಂಪನಿ ಅವನನ್ನು ಮ್ಯಾಟ್ ಒತ್ತುವ ಪ್ರೆಸ್ಸಿಗೆ ಹಾಕಿತು. ಅವನು ಕಲಿತ. ದೂರು ಹೇಳುವ ಜಾತಿಯವನಲ್ಲ. ಎಲ್ಲ ಸರಿಯಾಗಿಯೇ ನಡೆದಿತ್ತು, ನಮ್ಮ ಮಾಲೀಕರಿಗೆ ಕಾಡು ಬೇಕು ಅನಿಸುವವರೆಗೆ.

ವಿದೇಶದ ದೊಡ್ಡ ಗಿರಾಕಿಗಳು ಈಗ ಬರೀ ಮ್ಯಾಟು ನೋಡಿ ತೃಪ್ತರಾಗುವುದಿಲ್ಲವಂತೆ. ಮ್ಯಾಟಿನ ಹಿಂದೆ ಒಂದು ಕಥೆ ಇರಬೇಕಂತೆ. ಯಾವುದೋ ಸಲಹೆಗಾರರ ಕಂಪನಿ ಬಂದು, "ರಬ್ಬರ್ ಅನುಭವ ಕೇಂದ್ರ" ಎಂಬ ಒಂದು ಇಡೀ ಕಾಡನ್ನೇ ಮಾರಿಬಿಟ್ಟಿತು. ಕಬ್ಬಿಣದ ಪೈಪಿಗೆ ಫೈಬರ್ ತೊಗಟೆ ಅಂಟಿಸಿದ ಮರಗಳು. ಮೇಲೆ ಟ್ಯಾಂಕು, ಕೆಳಗೆ ಪೆಡಲು. ಪೆಡಲು ಒತ್ತಿದರೆ ಮರದಿಂದ ಹಾಲು ತೊಟ್ಟಿಕ್ಕುತ್ತದೆ. ಕರೆಂಟಿನ ಗಿಳಿಗಳು. ಒಂದು ಪ್ಲಾಸ್ಟಿಕ್ ಹೊಳೆ. ರಬ್ಬರನ್ನು ಜಗತ್ತಿಗೆ ಕೊಟ್ಟ ಕಾಡಿನ ಜನ ಹೇಗಿದ್ದರು ಎಂದು ತೋರಿಸಲು ಎರಡು ಆಳೆತ್ತರದ ಆದಿವಾಸಿ ಗೊಂಬೆಗಳೂ ಅದರಲ್ಲಿ ಸೇರಿದ್ದವು.

ಮರ ಬಂತು, ಹೊಳೆ ಬಂತು, ಗಿಳಿ ಬಂತು. ಗೊಂಬೆಗಳಿದ್ದ ಕಂಟೇನರು ಮಾತ್ರ ಬೇಸಿಗೆಯಲ್ಲಿ ಬಂದರಿನ ಬಿಸಿಲಿಗೆ ಬಿದ್ದಿತ್ತು. ತೆರೆದು ನೋಡಿದರೆ ಗೊಂಬೆಗಳೆರಡೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರ ಮೂಗು ಇನ್ನೊಂದರ ಕಿವಿಯಲ್ಲಿತ್ತು.

ಈ ಕಾಡಿನ ಹೊಣೆ ಹೊತ್ತವರು ಕಿಶೋರ್ ಸಾರ್. ಬೆಂಗಳೂರಿನವರು, ಆಪರೇಶನ್ಸ್ ಮ್ಯಾನೇಜರ್. ಕೆಟ್ಟವರಲ್ಲ. ಈದಿಗೆ ನಮಗೆಲ್ಲ ಖರ್ಜೂರದ ಡಬ್ಬಿ ಕೊಡುತ್ತಾರೆ. ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು.

"ನಿಮ್ಮಲ್ಲಿ ನಿಜವಾದ ರಬ್ಬರ್ ಮರ ಯಾರು ನೋಡಿದೀರಿ?"

ಬಿಹಾರಿಗಳು ತಲೆ ತಗ್ಗಿಸಿದರು. ಬಂಗಾಲಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹೊನ್ನಪ್ಪ ಖುಷಿಯಿಂದ ಕೈ ಎತ್ತಿದ. ಪಾಪ, ಈಗಲಾದರೂ ತೋಟ ತೋರಿಸುತ್ತಾರೆ ಅಂದುಕೊಂಡಿರಬೇಕು.

"ಊರ ಕಡೆ ಯಾವ ಕಮ್ಯುನಿಟಿ ನಿಮ್ದು?"

"ಮಲೆಕುಡಿಯ ಸಾರ್."

"ಅಂದ್ರೆ ಟ್ರೈಬಲ್?"

"ಸರ್ಟಿಫಿಕೇಟಲ್ಲಿ ಹಾಗೇ ಉಂಟು."

ಕಿಶೋರ್ ಸಾರ್ ಮುಖ ಅರಳಿತು. ಆ ಸರ್ಟಿಫಿಕೇಟಿನ ಮಾತು ಕೇಳಿ ಇಷ್ಟು ಸಂತೋಷಪಟ್ಟ ದೊಡ್ಡ ಜನರನ್ನು ನಾನು ಬೇರೆ ಕಂಡಿಲ್ಲ.

"ಜೆನ್ಯೂನ್! ಗೊಂಬೆಗಿಂತ ನೂರು ಪಾಲು ಬೆಟರ್. ನಾಳೆಯಿಂದ ನೀವೇ ನೇಟಿವ್."

"ಸಾರ್, ನಾವು ಶಿಶಿಲದವರು. ಈ ಅಮೆಜಾನ್ ನಂಗೆ ಗೊತ್ತಿಲ್ಲ."

"ಕಾಡು ಕಾಡೇ ಅಲ್ವೇನ್ರೀ. ಕಲರ್ ಕೂಡ ಕರೆಕ್ಟಾಗಿ ಮ್ಯಾಚ್ ಆಗತ್ತೆ."

ಹೀಗೆ ಹೊನ್ನಪ್ಪನ ಪ್ಯಾಂಟು ಹೋಗಿ ಪ್ಲಾಸ್ಟಿಕ್ ಎಲೆಯ ಲಂಗ ಬಂತು. ತಲೆಗೆ ಬಣ್ಣದ ಗರಿ, ಕೆನ್ನೆಗೆ ಪೈಪುಗಳಿಗೆ ಗುರುತು ಹಾಕುವ ಕೆಂಪು ಪೇಂಟು.

"ಊರಲ್ಲಿ ನಾವು ಪ್ಯಾಂಟೇ ಹಾಕುದು ಸಾರ್," ಎಂದ.

"ಊರಲ್ಲಿ ಹಾಕ್ಕೊಳ್ಳಿ. ಇಲ್ಲಿ ಟ್ರೈಬಲ್ ಆಗಿರಿ."

ನನ್ನನ್ನು ಮಿಲ್ಲಿನಿಂದ ಎಬ್ಬಿಸಿ ಅವನ ಜೊತೆ ಹಾಕಿದರು. ಹೊಗೆ ಬಿಡುವುದು, ಆಟ ಮುಗಿದ ಮೇಲೆ ಶೂ ಕಳಚುವುದು ನನ್ನ ಪಾಲು. ಶೆಡ್ಡಿನಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಆದ್ದರಿಂದ ನಾಟಕದವರ ಹೊಗೆ ಮೆಶಿನು, ಕೆಂಪು ಬಲ್ಬಿನ ಬೆಂಕಿ, ಅದರ ಕೆಳಗೆ ಅಡಗಿಸಿಟ್ಟ ಪೇಂಟು ಒಣಗಿಸುವ ಬ್ಲೋವರು. ರಬ್ಬರ್ ಹಾಲು ತಾನಾಗಿ ಒಣಗಲು ಹೊತ್ತು ಬೇಕು. ಶಾಲೆಯ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಬ್ಲೋವರನ್ನು ಕೊನೆಯ ಗೆರೆವರೆಗೆ ತಿರುಗಿಸಬೇಕು. ಡ್ರಮ್ಮಿನಲ್ಲಿ ಬರುವ ಹಾಲಿಗೆ ಕೆಡದಂತೆ ಅಮೋನಿಯಾ ಬೆರೆಸಿರುತ್ತಾರೆ. ಮೂಗಿಗೇ ತಡೆಯಲಾಗದ ಆ ವಸ್ತುವನ್ನು ಕಾಲು ತಡೆಯಬೇಕಿತ್ತು.

ಫ್ಯಾಕ್ಟರಿಯೊಳಗೆ ಸೇಫ್ಟಿ ಶೂ ಕಡ್ಡಾಯ. ಬರಿಗಾಲಿನಲ್ಲಿ ನಿಂತ ಹೊನ್ನಪ್ಪನನ್ನು ಕಂಡು ಸೇಫ್ಟಿಯವರು ಆಕ್ಷೇಪ ಎತ್ತಿದರು. ಕಿಶೋರ್ ಸಾರ್ ಅವರ ಜೊತೆ ಕೂತು ಮಾತಾಡಿ ಬಗೆಹರಿಸಿದರು: ಆಟ ಮುಗಿಯುವ ಹೊತ್ತಿಗೆ ಅವನ ಕಾಲಲ್ಲಿ ರಬ್ಬರ್ ಶೂ ಇರುತ್ತದಾದ್ದರಿಂದ ಅವನು ಶೂ ಹಾಕಿದವನೆಂದೇ ಲೆಕ್ಕ.

ಮೈಕು ಹಿಡಿಯುವವರು ಆಶಿತಾ ಮೇಡಂ. ಮೈಸೂರಿನವರು. ನಿಜವಾಗಿ ಅವರು ಎಚ್‌ಆರ್. ನಮ್ಮ ರಜೆ, ವೀಸಾ, ಆಸ್ಪತ್ರೆ ಎಲ್ಲ ಅವರ ಕೈಯಲ್ಲಿ. ಇಂಗ್ಲಿಷು ಚೆನ್ನಾಗಿದೆ ಎಂದು ಕಾಡನ್ನೂ ಅವರ ಕೈಗೇ ಕೊಟ್ಟಿದ್ದರು.

"ಕನ್ನಡ, ಹಿಂದಿ ಮಾತಾಡ್ಬೇಡಿ," ಎಂದು ಹೊನ್ನಪ್ಪನಿಗೆ ಹೇಳಿಕೊಟ್ಟಿದ್ದರು. "ಏನಾದ್ರೂ ಜಂಗಲ್ ಥರ ಮಾತಾಡಿ."

ಅವನಿಗೆ ಗೊತ್ತಿದ್ದ ಇನ್ನೊಂದು ಭಾಷೆ ತುಳು. ಮೊದಲ ದಿನವೇ ಕಾಲು ಅದ್ದಿ ಬ್ಲೋವರಿಗೆ ಹಿಡಿದವನು, "ಎನ್ನ ಕಾರ್ ಪೊತ್ತುಂಡು ಮಾರ್ರೆ!" ಎಂದು ಕೂಗಿದ. ನನ್ನ ಕಾಲು ಸುಡುತ್ತಿದೆ ಎಂದು.

ಆಶಿತಾ ಮೇಡಂ ಮೈಕಿನಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದರು: ಈಗ ಆದಿವಾಸಿಯು ಹಾಲು ಕೊಟ್ಟ ಮರದ ದೇವತೆಗೆ ಕೃತಜ್ಞತೆ ಹೇಳುತ್ತಿದ್ದಾನೆ.

ಮಕ್ಕಳು ಚಪ್ಪಾಳೆ ತಟ್ಟಿದರು. ಜೊತೆಗೆ ಬಂದಿದ್ದ ಮಂಗಳೂರಿನ ತಾಯಿಯೊಬ್ಬಳ ಸೆರಗು ಎಳೆದು ಅವಳ ಮಗಳು, "ಮಮ್ಮಾ, ಹಿ ಈಸ್ ಟಾಕಿಂಗ್ ಲೈಕ್ ಅಜ್ಜಿ!" ಎಂದಳು. ತಾಯಿ ಗದರಿದಳು, "ಶ್! ದಟ್ಸ್ ಅಮೆಜಾನ್ ಲಾಂಗ್ವೇಜ್." ತಾಯಿಗೆ ಆ ತುಳು ಅರ್ಥವಾಗಿತ್ತು. ಅವಳ ಮುಖ ನಾನು ನೋಡಿದ್ದೇನೆ.

ಹೀಗೆ ನಡೆಯುತ್ತಿರುವಾಗ ಆಡಿಟ್ ಬಂತು. ಕಾಡಿನ ಸಾಮಾನು ಎಲ್ಲ ಇದೆಯೇ ಎಂದು ನೋಡುವ ಹುಡುಗ. ಕೈಯಲ್ಲಿ ಬಾರ್‌ಕೋಡಿನ ಸ್ಟಿಕರುಗಳು. ಮರಕ್ಕೆ ಅಂಟಿಸಿದ, ಗಿಳಿಗೆ ಅಂಟಿಸಿದ, ಹೊಳೆಗೆ ಅಂಟಿಸಿದ. ಆಮೇಲೆ ಆದಿವಾಸಿ ಎಲ್ಲಿ ಎಂದು ಹುಡುಕಿದ. ಗೊಂಬೆ ಕರಗಿದೆ ಎಂದರೆ ದುಡ್ಡು ಕೊಟ್ಟವರು ಯಾರು, ಬಿಸಿಲಿಗೆ ಬಿಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕಿಶೋರ್ ಸಾರ್ ಸ್ವಲ್ಪ ಹೊತ್ತು ಸೀಲಿಂಗ್ ನೋಡಿದರು. ಆಮೇಲೆ ಹೊನ್ನಪ್ಪನನ್ನು ತೋರಿಸಿದರು.

"ಇವರೇ. ಅಪ್‌ಗ್ರೇಡ್ ಮಾಡಿದೀವಿ."

ಹುಡುಗ ಹೊನ್ನಪ್ಪನ ತೋಳಿಗೆ ಸ್ಟಿಕರು ಅಂಟಿಸಿ, ಮೆಶಿನು ಹಿಡಿದು ಬೀಪ್ ಎನಿಸಿದ. ನೇಟಿವ್ ಒಂದು. ಕೆಲಸದ ಸ್ಥಿತಿಯಲ್ಲಿದೆ. ಹುಡುಗನಿಗೂ ಸಂಶಯ ಬರಲಿಲ್ಲ, ಮೆಶಿನಿಗೂ ಬರಲಿಲ್ಲ.

ನಾವು ಆ ದಿನ ರೂಮಿನಲ್ಲಿ ಬಿದ್ದು ಬಿದ್ದು ನಕ್ಕೆವು. ಹೊನ್ನಪ್ಪನೇ ಎಲ್ಲರಿಗಿಂತ ಹೆಚ್ಚು ನಕ್ಕ. ನಗಬಾರದಿತ್ತು.

ಗುಳ್ಳೆ ಎದ್ದು ಕೀವಾದಾಗ ಅವನನ್ನು ಹತ್ತಿರದ ಮಲಯಾಳಿ ಡಾಕ್ಟರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವರು ಕಾಲು ನೋಡಿ ನನ್ನ ಮೇಲೆಯೇ ರೇಗಿದರು.

"ಎಂತ ಮಾಡ್ತಾ ಇದ್ದೀರಿ ನೀವು ಈ ಕಾಲಿಗೆ? ಇನ್ನೂ ಕೆಮಿಕಲ್ಲಿಗೆ ಹಾಕಿದ್ರೆ ಬೆರಳು ಕತ್ತರಿಸ್ಬೇಕು. ದೊಡ್ಡಾಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ. ಇವತ್ತೇ."

ಅಡ್ಮಿಟ್ ಆಗಲು ರಜೆ ಬೇಕು. ರಜೆ ಇಲ್ಲದೆ ಹೋದರೆ ಕೆಲಸ ಬಿಟ್ಟು ಓಡಿಹೋದವನೆಂದು ಕೇಸು. ಅದಕ್ಕೇ ಮರುದಿನ ನಾವಿಬ್ಬರೂ ಆಶಿತಾ ಮೇಡಂ ಎದುರು ನಿಂತೆವು. ಅವರು ಹೊನ್ನಪ್ಪನ ಕಾಲು ನೋಡಿ ನಿಜಕ್ಕೂ ಮುಖ ಕಿವುಚಿದರು. ಆಮೇಲೆ ಕಂಪ್ಯೂಟರು ನೋಡಿದರು.

"ಸಿಕ್ ಲೀವ್ ಹಾಕೋಕೆ ಆಗ್ತಿಲ್ವಲ್ಲ. ನಿಮ್ಮ ಹೆಸರು ಎಂಪ್ಲಾಯೀಸ್‌ನಲ್ಲಿ ಇಲ್ಲ."

"ಹೊನ್ನಪ್ಪ ಮೇಡಂ. ಮ್ಯಾಟ್ ಪ್ರೆಸ್ಸು."

"ಆ ಪೋಸ್ಟ್ ಕ್ಲೋಸ್ ಆಗಿದೆ. ಈಗ ನೀವು ಎಕ್ಸಿಬಿಟ್‌ನಲ್ಲಿ ಇದೀರ. ನಿಮ್ಮ ಸ್ಯಾಲರಿ ಕೂಡ ಅದರ ನಿರ್ವಹಣೆ ಖರ್ಚಲ್ಲೇ ಬರ್ತಿರೋದು."

"ಅಂದ್ರೆ ಇವ ಮನುಷ್ಯ ಅಲ್ವಾ ಮೇಡಂ?" ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಪ್ಲೀಸ್, ಹಾಗೆಲ್ಲ ಹೇಳ್ಬೇಡಿ. ನಾನೇನೂ ಹಾಗಂದಿಲ್ಲ. ಸಿಸ್ಟಮ್ ತಗೊಳ್ತಿಲ್ಲ ಅಷ್ಟೆ. ಅಸೆಟ್ ಡ್ಯಾಮೇಜ್ ಆದ್ರೆ ಮೇಂಟೆನೆನ್ಸ್‌ಗೆ ಹೇಳ್ಬೇಕು. ಈಗಲೇ ಹೇಳ್ತೀನಿ, ಅರ್ಜೆಂಟ್ ಅಂತ."

ಹೇಳಿದರು ಕೂಡ. ಹಾಗಾಗಿ ಮಧ್ಯಾಹ್ನ ವಾಲ್ಟರ್ ಟೂಲ್ ಬಾಕ್ಸ್ ಹಿಡಿದುಕೊಂಡು ಬಂದ. ವಾಲ್ಟರ್ ಬಜ್ಪೆಯವನು, ಮೇಂಟೆನೆನ್ಸ್ ಸೂಪರ್‌ವೈಸರ್. ಫ್ಯಾಕ್ಟರಿಯ ಎಲ್ಲ ಯಂತ್ರಗಳ ನಾಡಿ ಬಲ್ಲವನು.

"ನೇಟಿವ್ ಒಂದರ ಬಲಗಾಲು ಡ್ಯಾಮೇಜ್ ಅಂತ ಬಂತು. ಎಲ್ಲುಂಟು ಗೊಂಬೆ?"

ಹೊನ್ನಪ್ಪ ಕಾಲು ಚಾಚಿದ. ವಾಲ್ಟರ್ ಬಾಗಿ ನೋಡಿದ. ಬಾಕ್ಸಿನೊಳಗಿದ್ದ ಸ್ಪಾನರ್ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದಕ್ಕೆ ನಾನು ಎಂತ ಮಾಡುದು ಮಾರ್ರೆ? ಗ್ರೀಸ್ ಹಚ್ಚುದಾ?"

"ನಿಂಗೆ ಏನು ತೋಚ್ತದೋ ಅದು ಮಾಡು."

"ನಂಗೆ ಮಕ್ಕಳುಂಟು ಮೊಯ್ದಿನ್ ಕಾಕ. ಇದ್ರಲ್ಲಿ ನನ್ನನ್ನು ಎಳೀಬೇಡಿ." ಅವನು ಬಾಕ್ಸು ಮುಚ್ಚಿ ಹೋದ. ಹೋಗುವ ಮೊದಲು ಕಂಪನಿಗೆ ಉತ್ತರ ಕೊಟ್ಟ: ಬದಲಿ ಭಾಗ ಸ್ಟಾಕಿನಲ್ಲಿಲ್ಲ. ಕಿಶೋರ್ ಸಾರ್ ಓದಿ, ಹಾಗಾದರೆ ಇರುವ ಭಾಗದಲ್ಲೇ ಮುಂದುವರಿಸಿ ಎಂದರು. ಒಲ್ಲೆ ಎಂದರೆ ವೀಸಾ ಕ್ಯಾನ್ಸಲ್ ಎಂದೂ ಸೇರಿಸಿದರು. ನಾನು ಬ್ಲೋವರಿನ ಬಿಸಿ ಕಳ್ಳತನದಿಂದ ಇಳಿಸುತ್ತಿದ್ದೆ. ಆಟ ತಡವಾಯಿತು ಎಂದು ಬೈಸಿಕೊಂಡು ಮತ್ತೆ ಏರಿಸುತ್ತಿದ್ದೆ. ಏರಿಸಿದ್ದು ಇದೇ ಕೈ.

ಆ ವಾರವೇ ರೈಮುಂಡಾ ಬಂದಳು. ಬ್ರೆಜಿಲ್ ದೇಶದವಳು, ಸೊಹಾರ್ ಬಂದರಿನಲ್ಲಿ ಇಂಜಿನಿಯರು. ಕನ್ವೇಯರ್ ಪಟ್ಟಿ ನೋಡಲು ಬಂದವಳನ್ನು ಕಿಶೋರ್ ಸಾರ್ ಹೆಮ್ಮೆಯಿಂದ ಕಾಡಿಗೆ ಕರೆತಂದರು. "ನಿಮ್ಮ ದೇಶದ್ದೇ!" ಎಂದರು.

ಅವಳು ಗಿಳಿ ನೋಡಿ ನಕ್ಕಳು. ಮರ ತಟ್ಟಿ ನೋಡಿ ಇನ್ನೂ ಜೋರಾಗಿ ನಕ್ಕಳು. ಆಶಿತಾ ಮೇಡಂ ಮೈಕು ಹಿಡಿದು, ಅಮೆಜಾನಿನ ಜನ ಹೀಗೆ ಕಾಲನ್ನೇ ಹಾಲಿಗೆ ಅದ್ದಿ ಶೂ ಮಾಡಿಕೊಳ್ಳುತ್ತಿದ್ದರು ಎಂದು ಶುರುಮಾಡಿದರು. ಹೊನ್ನಪ್ಪ ಕಾಲು ಎತ್ತಿದ. ಆಗ ಅವಳಿಗೆ ಹುಣ್ಣು ಕಂಡಿತು. ನಗು ನಿಂತಿತು.

"ಸ್ಟಾಪ್," ಎಂದಳು. ಬಕೆಟ್ಟನ್ನು ತನ್ನ ಕಾಲಿನಿಂದಲೇ ಆಚೆ ತಳ್ಳಿದಳು.

ಅವಳ ಇಂಗ್ಲಿಷೂ ನನ್ನದರ ಹಾಗೆ ಹರಕು. ಅದಕ್ಕೇ ನನಗೆ ಪೂರ್ತಿ ಅರ್ಥವಾಯಿತು. ಅವಳ ಅಜ್ಜಿ ಕಾಡಿನ ಜನರ ಪೈಕಿ, ಹೊಳೆಯ ದಂಡೆಯವಳು. ರಬ್ಬರ್ ಶೂ ಮಾಡುತ್ತಿದ್ದುದು ನಿಜ. ಆದರೆ ಕಾಲಿನ ಮೇಲೆ ಅಲ್ಲ. ಜೇಡಿಮಣ್ಣಿನಲ್ಲಿ ಪಾದದ ಅಚ್ಚು ಮಾಡಿ ಒಣಗಿಸಿ, ಅದರ ಮೇಲೆ ಹಾಲು ಹೊಯ್ದು, ತಾಳೆಯ ಕಾಯಿ ಉರಿಸಿದ ಹೊಗೆಗೆ ಹಿಡಿಯುವುದು. ಮತ್ತೆ ಹೊಯ್ದು ಮತ್ತೆ ಹಿಡಿಯುವುದು. ಕೊನೆಗೆ ಒಳಗಿನ ಮಣ್ಣನ್ನು ಪುಡಿಮಾಡಿ ಸುರಿದರೆ ಶೂ ಉಳಿಯಿತು.

"ಅವರೇನು ಮೂರ್ಖರೇ ತಮ್ಮ ಕಾಲನ್ನು ಸುಟ್ಟುಕೊಳ್ಳಲು?" ಎಂದಳು. "ಕಾಲು ಕೈ ಹಾಳಾದದ್ದು ಆಮೇಲೆ. ಹೊರಗಿನ ವ್ಯಾಪಾರಿಗಳು ಬಂದ ಮೇಲೆ. ಹಾಲು ಕಡಿಮೆ ತಂದವರಿಗೆ ಚಾವಟಿ. ನನ್ನ ಅಜ್ಜಿಯ ಅಪ್ಪನ ಬೆನ್ನಲ್ಲಿ ಬರೆ ಇತ್ತು. ಅದನ್ನು ಯಾಕೆ ತೋರಿಸುವುದಿಲ್ಲ?"

ಕಿಶೋರ್ ಸಾರ್ ಟೈ ಸರಿಮಾಡಿಕೊಂಡರು. "ಮೇಡಂ, ದಟ್ ಈಸ್ ನೆಗೆಟಿವ್ ಕಂಟೆಂಟ್."

ಹೊನ್ನಪ್ಪನಿಗೆ ನಾನು ತುಳುವಿನಲ್ಲಿ ಹೇಳಿದೆ. ಅವನು ಕಾಲ ಬಳಿ ಬಿದ್ದಿದ್ದ ಹಳೆಯ ಶೂವಿನ ಚೂರುಗಳನ್ನು ಎತ್ತಿ, ಎಳೆ ಎಳೆಯಾಗಿ ಸುತ್ತಿ ಸುತ್ತಿ ಒಂದು ಚೆಂಡು ಮಾಡಿದ. ಎಸ್ಟೇಟಿನ ಮಕ್ಕಳು ಹಾಗೆಯೇ ಮಾಡುವುದು. ನೆಲಕ್ಕೆ ಕುಟ್ಟಿದ. ಅದು ಪುಟಿದು ರೈಮುಂಡಾಳ ಎದೆಯವರೆಗೆ ಹಾರಿತು. ಅವಳು ಹಿಡಿದುಕೊಂಡಳು. ತಾನೂ ಕುಟ್ಟಿದಳು. ಅವಳ ಕಣ್ಣು ತುಂಬಿತ್ತು. ಒಬ್ಬರ ಮಾತಿನ ಒಂದು ಶಬ್ದವೂ ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಆದರೆ ಆ ಶೆಡ್ಡಿನಲ್ಲಿ ರಬ್ಬರ್ ಗೊತ್ತಿದ್ದವರು ಅವರಿಬ್ಬರೇ ಅನಿಸಿತು.

ಅವಳು ಹೋದ ಮೇಲೆ ಹೊನ್ನಪ್ಪ ಕೇಳಿದ. ಅವನು ಕಿಶೋರ್ ಸಾರ್ ಹತ್ತಿರ ಏನಾದರೂ ಕೇಳಿದ್ದು ಅದೇ ಮೊದಲು.

"ಸಾರ್, ಮಣ್ಣಿಂದು ಒಂದು ಕಾಲು ಮಾಡ್ತೇನೆ. ನಾನೇ ಮಾಡ್ತೇನೆ. ಅದರ ಮೇಲೆ ಹಾಲು ಹಾಕುವ. ಅದೇ ಸರಿಯಾದ ಕ್ರಮ ಅಂತೆ."

"ಮಣ್ಣಿನ ಕಾಲಿಗೆ ಯಾರ್ರೀ ಚಪ್ಪಾಳೆ ತಟ್ತಾರೆ?" ಎಂದರು ಕಿಶೋರ್ ಸಾರ್. "ಬರಿಗಾಲಲ್ಲೇ ಆಥೆಂಟಿಸಿಟಿ ಇರೋದು. ಗುರುವಾರ ಯುರೋಪಿನ ಬೈಯರ್ಸ್ ಬರ್ತಿದಾರೆ. ಮಾಲೀಕರೂ ಬರ್ತಾರೆ. ಅದೊಂದು ಮುಗಿಸಿಕೊಡಿ. ಆಮೇಲೆ ನೋಡೋಣ."

ಅಷ್ಟರಲ್ಲಿ ಹೊನ್ನಪ್ಪನ ಹೆಬ್ಬೆರಳು ಕಪ್ಪಾಗತೊಡಗಿತ್ತು. ಜ್ವರವೂ ಬಂದಿತ್ತು. ಗುರುವಾರದ ಆಟ ಆಡಿದರೆ ಆ ಬೆರಳು ಹೋಗುತ್ತದೆ, ಕಾಲೇ ಹೋದರೂ ಹೋಗಬಹುದು. ಅದು ನಮಗೆ ಗೊತ್ತಿತ್ತು. ಕಿಶೋರ್ ಸಾರ್‌ಗೂ ಗೊತ್ತಿತ್ತು ಎಂದೇ ನಾನು ಹೇಳುತ್ತೇನೆ. ಅವರು ವಾಲ್ಟರ್‌ಗೆ ಹೊಸದಾಗಿ ಆರ್ಡರ್ ಕಳಿಸಿದ್ದರು: ಗುರುವಾರ ಬೆಳಗ್ಗೆ ನೇಟಿವ್ ಒಂದು ಓಡುವ ಸ್ಥಿತಿಯಲ್ಲಿರಬೇಕು.

ಗುರುವಾರ ಬೆಳಗ್ಗೆ ವಾಲ್ಟರ್ ನಮ್ಮ ರೂಮಿಗೇ ಬಂದ. ಹೊನ್ನಪ್ಪನ ಕಾಲು ನೋಡಿದ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ಯಂತ್ರ ಅಂತ ಅವರೇ ಹೇಳಿದ್ದಲ್ವಾ," ಎಂದ. "ಆಯ್ತು. ಯಂತ್ರಕ್ಕೆ ಎಂತ ಮಾಡ್ತೇನೋ ಅದನ್ನೇ ಮಾಡ್ತೇನೆ."

ಅವನು ಜೇಬಿನಿಂದ ಕೆಂಪು ಚೀಟಿ ತೆಗೆದ.

ಕಾರ್ಖಾನೆ ಕಾಣದವರಿಗೆ ಇದನ್ನು ಹೇಳಬೇಕು. ಯಂತ್ರ ಕೆಟ್ಟರೆ ಅದಕ್ಕೆ ಒಂದು ಕೆಂಪು ಚೀಟಿ ಕಟ್ಟುತ್ತೇವೆ. ಕೆಟ್ಟಿದೆ, ಓಡಿಸಬೇಡಿ ಎಂದು. ಅದನ್ನು ಕಟ್ಟಿದವನೇ ಬಿಚ್ಚಬೇಕು. ಮ್ಯಾನೇಜರು ಬಿಚ್ಚುವ ಹಾಗಿಲ್ಲ, ಮಾಲೀಕರೂ ಬಿಚ್ಚುವ ಹಾಗಿಲ್ಲ. ಯಾರೋ ಗೊತ್ತಿಲ್ಲದೆ ಸ್ವಿಚ್ ಹಾಕಿ ಒಳಗಿದ್ದವನ ಕೈ ತುಂಡಾಗಬಾರದು ಎಂದು ಮಾಡಿದ ನಿಯಮ. ಯುರೋಪಿನ ಗಿರಾಕಿಗಳು ಫ್ಯಾಕ್ಟರಿಗೆ ಬಂದರೆ ಮೊದಲು ಕೇಳುವುದೇ ಇದನ್ನು. ಅದಕ್ಕೆಂದು ಕಿಶೋರ್ ಸಾರ್ ನಮಗೆಲ್ಲ ತರಬೇತಿ ಕೊಡಿಸಿ, ಪ್ರತಿಯೊಬ್ಬನ ಕೈಗೂ ಚೀಟಿ ಕೊಟ್ಟಿದ್ದರು.

ವಾಲ್ಟರ್ ಚೀಟಿಯನ್ನು ಹೊನ್ನಪ್ಪನ ಕಾಲ್ಗಂಟಿನ ಮೇಲೆ ಕಟ್ಟಿ ತನ್ನ ಸಹಿ ಹಾಕಿದ. "ಇನ್ನು ಇದನ್ನು ಓಡಿಸಿದವ ಜೈಲಿಗೆ," ಎಂದ.

ಬಾಗಿಲಲ್ಲಿ ನಿಂತಿದ್ದ ಪ್ರೆಸ್ಸಿನ ಬಿಹಾರಿ ರಾಮಾಶ್ರಯ್ ಇದನ್ನು ನೋಡಿದ. ತನ್ನ ಕೆಂಪು ಚೀಟಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. "ಮೇರಾ ಯೇ ಖರಾಬ್ ಹೈ," ಎಂದ. ಎರಡು ವರ್ಷದಿಂದ ಬಾಗಲು ಆಗುತ್ತಿರಲಿಲ್ಲವಂತೆ. ಬಂಗಾಲಿಯೊಬ್ಬ ಕಿವಿಗೆ ಕಟ್ಟಿಕೊಂಡ, ಕೇಳಿಸುವುದಿಲ್ಲ ಎಂದು. ಇನ್ನೊಬ್ಬ ಮೊಣಕೈಗೆ. ನಾನು ಕಪ್ಪು ಪುಡಿ ತುಂಬಿದ ಎದೆಯ ಮೇಲೆ ನೇತುಹಾಕಿಕೊಂಡೆ. ಒಂದೇ ರೂಮಿನಲ್ಲಿ ವರ್ಷಗಟ್ಟಲೆ ಮಲಗಿದ್ದೆವು. ಯಾರಿಗೆ ಎಲ್ಲಿ ನೋವು ಎಂದು ಆ ಬೆಳಗ್ಗೆಯೇ ನಮಗೆ ಗೊತ್ತಾದದ್ದು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಕಾಡಿನಲ್ಲಿ ಗಿರಾಕಿಗಳು ಕುರ್ಚಿಯಲ್ಲಿ ಕೂತಿದ್ದರು. ಗಿಳಿಗಳು ಕೂಗುತ್ತಿದ್ದವು. ಮಾಲೀಕರು ಗಡಿಯಾರ ನೋಡುತ್ತಿದ್ದರು. ನಾವು ಹೊನ್ನಪ್ಪನನ್ನು ಸರಕು ಎಳೆಯುವ ಟ್ರಾಲಿಯ ಮೇಲೆ ಕೂರಿಸಿಕೊಂಡು ಒಳಗೆ ಬಂದೆವು. ಗರಿ ಇಲ್ಲ, ಎಲೆ ಇಲ್ಲ. ಅವನ ಹಳೆಯ ಪ್ಯಾಂಟು. ಅವನ ಹಿಂದೆ ಇಡೀ ಶಿಫ್ಟು, ಮೈಮೇಲೆ ಕೆಂಪು ಚೀಟಿ.

ಕಿಶೋರ್ ಸಾರ್ ಓಡಿ ಬಂದರು. "ಏನ್ರೀ ಇದು? ಸ್ಟ್ರೈಕಾ? ಸ್ಟ್ರೈಕ್ ಮಾಡಿದ್ರೆ ಡಿಪೋರ್ಟ್ ಮಾಡ್ತಾರೆ, ಗೊತ್ತಲ್ವಾ?"

"ಸ್ಟ್ರೈಕ್ ಅಲ್ಲ ಸಾರ್," ಎಂದೆ. "ಬ್ರೇಕ್‌ಡೌನ್."

"ವಾಲ್ಟರ್, ಆ ಚೀಟಿ ತೆಗೀರಿ!"

"ಆಗುದಿಲ್ಲ ಸಾರ್. ರಿಪೇರಿ ಆಗ್ದೆ ತೆಗೆದ್ರೆ ನನ್ನ ಕೆಲಸ ಹೋಗ್ತದೆ. ನೀವೇ ಹೇಳಿಕೊಟ್ಟದ್ದು."

ಮುಂದಿನ ಕುರ್ಚಿಯ ಬಿಳಿಯ ಹೆಂಗಸು ಕೆಂಪು ಚೀಟಿ ನೋಡಿ ಮೆಚ್ಚುಗೆಯಿಂದ ತಲೆದೂಗಿದಳು. ಈ ಫ್ಯಾಕ್ಟರಿಯಲ್ಲಿ ನಿಯಮ ಪಾಲಿಸುತ್ತಾರೆ ಎಂದು ಪಕ್ಕದವನಿಗೆ ಹೇಳಿದಳು. ಇನ್ನು ಚೀಟಿ ಕೀಳುವುದು ಮಾಲೀಕರಿಗೂ ಸಾಧ್ಯವಿರಲಿಲ್ಲ.

ಆಶಿತಾ ಮೇಡಂ ಹೊನ್ನಪ್ಪನ ಹೆಬ್ಬೆರಳು ನೋಡಿದರು. ಮೈಕು ಕೆಳಗಿಟ್ಟರು. "ರಿಪೇರಿಗೆ ಹೊರಗೆ ಕಳಿಸೋದಕ್ಕೆ ಗೇಟ್ ಪಾಸ್ ಸಾಕು," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಡ್ರೈವರಿಗೆ ಫೋನು ಮಾಡಿದರು. "ಆಸ್ಪತ್ರೆಗೆ. ಹ್ಞಾಂ, ಈಗಲೇ."

ಮಾಲೀಕರು ಕಿಶೋರ್ ಸಾರ್ ಕಡೆ ಬಾಗಿ ಹೇಳಿದ್ದು ನನಗೂ ಕೇಳಿಸಿತು. ಗಿರಾಕಿಗಳು ಕಾಯುತ್ತಿದ್ದಾರೆ, ಆಟ ನಡೆಯಲೇಬೇಕು, ಯಾರಾದರೂ ಒಬ್ಬರು ಕೂರಿ. ಕಿಶೋರ್ ಸಾರ್ ಹಿಂದೆ ತಿರುಗಿ ನೋಡಿದರು. ಅಲ್ಲಿ ಕೆಟ್ಟ ಯಂತ್ರಗಳ ಹೊರತು ಯಾರೂ ಇರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತರು. ಬೂಟು ಬಿಚ್ಚಿದರು. ಸಾಕ್ಸು ಬಿಚ್ಚಿ ಮಡಚಿ ಜೇಬಿನಲ್ಲಿಟ್ಟರು. ಬಿಸಿಲು ಕಾಣದ ಮೆತ್ತಗಿನ ಕಾಲು. ಬಕೆಟ್ಟಿನ ವಾಸನೆಗೆ ಅವರ ಕಣ್ಣಲ್ಲಿ ನೀರು ಬಂತು.

ನಾವು ಟ್ರಾಲಿಯನ್ನು ಬಾಗಿಲ ಕಡೆ ತಿರುಗಿಸಿದ್ದೆವು.

"ಹೊನ್ನಪ್ಪ," ಎಂದು ಅವರು ಕರೆದರು. ದನಿ ತೀರ ಸಣ್ಣದಾಗಿತ್ತು. "ಇದು ತುಂಬಾ ಉರಿಯುತ್ತೇನ್ರೀ?"

ಟ್ರಾಲಿ ನಿಲ್ಲಿಸಲು ಹೊನ್ನಪ್ಪ ಕೈ ಎತ್ತಿದ. ಜ್ವರದಲ್ಲಿ ಅವನ ಮುಖ ಕೆಂಪಾಗಿತ್ತು. ಆ ಪ್ರಶ್ನೆಯನ್ನು ಅವನು ನಿಜವಾಗಿ ಯೋಚಿಸಿದ, ಸುಳ್ಳು ಹೇಳಬಾರದು ಎನ್ನುವವನ ಹಾಗೆ.

"ಮೊದಲ್ನೇ ದಿವಸ ಅಷ್ಟು ಗೊತ್ತಾಗುದಿಲ್ಲ ಸಾರ್," ಎಂದ.